ಮೇಜಿನಿಂದ ಟಿವಿಗೆ: ಸಿಮ್ಯುಲೇಶನ್ ಆಟಗಳು ಕನ್ಸೋಲಿಗೆ ಬಂದ ಹಾದಿ

ವಿಡಿಯೋ ಗೇಮ್ ಎಂದರೆ ಓಡುವುದು, ಜಿಗಿಯುವುದು, ಗುಂಡು ಹಾರಿಸುವುದು ಎಂದೇ ಬಹಳ ಜನ ತಿಳಿದಿದ್ದಾರೆ. ಸಿಮ್ಯುಲೇಶನ್ ಆಟಗಳ ಜಾತಿಯೇ ಬೇರೆ. ಒಂದು ನಗರ ಹೇಗೆ ಬೆಳೆಯುತ್ತದೆ, ವಿಮಾನದ ರೆಕ್ಕೆಯನ್ನು ಗಾಳಿ ಹೇಗೆ ಎತ್ತುತ್ತದೆ, ಹೊಲದ ಪೈರು ಯಾವಾಗ ಕೊಯ್ಲಿಗೆ ಬರುತ್ತದೆ ಎಂಬುದನ್ನೆಲ್ಲ ಯಂತ್ರ ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತಿರುತ್ತದೆ. ಆಡುವವರು ಆ ಲೆಕ್ಕದೊಳಗೆ ಕೈ ಹಾಕಿ, ತಮ್ಮ ತೀರ್ಮಾನದ ಫಲವನ್ನು ಕಣ್ಣಾರೆ ಕಾಣುತ್ತಾರೆ. ಇಂಥ ಆಟಗಳು ಬೆಳೆದದ್ದು ಪಿಸಿಯಲ್ಲಿ. ಅವನ್ನು ಮನೆಯ ಟಿವಿಗೆ ಜೋಡಿಸುವ ಕನ್ಸೋಲಿಗೆ ತರುವ ಕೆಲಸ ಮೂರೂವರೆ ದಶಕಗಳಿಂದ ನಡೆದಿದೆ. ಯಂತ್ರ ಸಣ್ಣದೆಂದು ಆಟವನ್ನೇ ಕತ್ತರಿಸುವುದರಿಂದ ಹೊರಟ ಈ ವಿದ್ಯೆ, ಲೆಕ್ಕವನ್ನು ಇದ್ದಂತೆಯೇ ಉಳಿಸಿಕೊಂಡು ಅದನ್ನು ಮುಟ್ಟುವ ದಾರಿಯನ್ನು ಮಾತ್ರ ಹೊಸದಾಗಿ ಕಟ್ಟುವ ಹಂತಕ್ಕೆ ಬಂದಿದೆ. ಆಂಧ್ರಪ್ರದೇಶದ ರಾಯದುರ್ಗ, ಮಡಕಶಿರಾದಂಥ ಗಡಿನಾಡಿನ ಊರುಗಳಿಗೂ ಈ ವಿದ್ಯೆಯಿಂದ ನೇರ ಪ್ರಯೋಜನವಿದೆ.

ತೊಡಕು ಎಲ್ಲಿದೆ

ತೊಡಕುಗಳು ಮುಖ್ಯವಾಗಿ ಮೂರು. ಮೊದಲನೆಯದು ಕೈ. ಪಿಸಿಯಲ್ಲಿ ನೂರಕ್ಕೂ ಹೆಚ್ಚು ಕೀಗಳ ಕೀಬೋರ್ಡು ಇರುತ್ತದೆ, ಪರದೆಯ ಯಾವ ಚುಕ್ಕಿಯನ್ನಾದರೂ ತಕ್ಷಣ ಮುಟ್ಟುವ ಮೌಸ್ ಇರುತ್ತದೆ. ಕನ್ಸೋಲಿನ ಕಂಟ್ರೋಲರಿನಲ್ಲಿರುವುದು ಎರಡು ಸ್ಟಿಕ್ಕು, ಬೆರಳೆಣಿಕೆಯ ಬಟನ್ನು. ಎರಡನೆಯದು ಮೆಮೊರಿ. ಪಿಸಿಗೆ ಬೇಕೆಂದಾಗ ರ‍್ಯಾಮ್ ಸೇರಿಸಬಹುದು. ಕನ್ಸೋಲಿನಲ್ಲಿ ಕಾರ್ಖಾನೆಯಿಂದ ಬಂದಷ್ಟೇ ಗತಿ. ಮೂರನೆಯದು ದೂರ. ಪಿಸಿಯ ಪರದೆ ಮೊಳದಳತೆಯಲ್ಲಿದ್ದರೆ ಟಿವಿ ಕೋಣೆಯ ಆಚೆ ಬದಿಯಲ್ಲಿರುತ್ತದೆ. ಮೇಜಿನ ಮೇಲೆ ಸಲೀಸಾಗಿ ಓದಿದ ಅಂಕಿಅಂಶಗಳ ಪಟ್ಟಿ ಅಲ್ಲಿ ಇರುವೆ ಸಾಲಿನಂತೆ ಕಾಣುತ್ತದೆ. ಸಿಮ್ಯುಲೇಶನ್ ಆಟಕ್ಕೆ ಈ ಮೂರೂ ಒಟ್ಟಿಗೇ ಎದುರಾಗುತ್ತವೆ, ಏಕೆಂದರೆ ಅದರ ಸೊಗಸಿರುವುದೇ ವಿವರಗಳ ರಾಶಿಯಲ್ಲಿ.

ಕುಗ್ಗಿಸಿದ ಕಾಲ: 1991ರಿಂದ 1995

ಇಬ್ಬರು ಯುವಕರು, ಡೇವಿಡ್ ಬ್ರಾಬೆನ್ ಮತ್ತು ಇಯಾನ್ ಬೆಲ್, 1984ರಲ್ಲಿ ಬ್ರಿಟನ್ನಿನ ಬಿಬಿಸಿ ಮೈಕ್ರೋ ಕಂಪ್ಯೂಟರಿಗೆ 'ಎಲೀಟ್' ಎಂಬ ಬಾಹ್ಯಾಕಾಶ ವ್ಯಾಪಾರದ ಆಟ ಬರೆದರು. ಆ ಯಂತ್ರದಲ್ಲಿದ್ದ ಮೆಮೊರಿ 32 ಕಿಲೋಬೈಟ್. ಅಷ್ಟರಲ್ಲೇ ಎಂಟು ಗ್ಯಾಲಕ್ಸಿ, ಒಂದೊಂದರಲ್ಲಿ 256 ನಕ್ಷತ್ರ ಮಂಡಲ ಹಿಡಿಸಿದ್ದರು. ಅವುಗಳ ವಿವರವನ್ನು ಎಲ್ಲೂ ಬರೆದಿಟ್ಟಿರಲಿಲ್ಲ. ಒಂದು ಸೂತ್ರದಿಂದ ಬೇಕೆಂದಾಗ ಹುಟ್ಟಿಸುತ್ತಿದ್ದರು. ಈ ಜಾಣ್ಮೆಯ ಬಲದಿಂದಲೇ ಇದೇ ಆಟ 1991ರಲ್ಲಿ ನಿಂಟೆಂಡೊದ ಪುಟ್ಟ ಎನ್‌ಇಎಸ್ ಕನ್ಸೋಲಿಗೂ ಬಂತು.

ಈ ಕ್ಷೇತ್ರದ ನಿಜವಾದ ಮೊದಲ ಪಾಠ 'ಸಿಮ್‌ಸಿಟಿ'. ವಿಲ್ ರೈಟ್ ರೂಪಿಸಿ ಮ್ಯಾಕ್ಸಿಸ್ ಸಂಸ್ಥೆ 1989ರಲ್ಲಿ ಹೊರತಂದ ಈ ನಗರ ಕಟ್ಟುವ ಆಟವನ್ನು 1991ರಲ್ಲಿ ಸೂಪರ್ ನಿಂಟೆಂಡೊಗೆ ತಂದದ್ದು ಸ್ವತಃ ನಿಂಟೆಂಡೊ. ಆ ಯಂತ್ರದ ಮುಖ್ಯ ಮೆಮೊರಿ 128 ಕಿಲೋಬೈಟ್, ಕೈಗೆ ಮೌಸ್ ಇಲ್ಲ. ನಿಂಟೆಂಡೊ ತಂಡ ಮೂಲದ ವಲಯ, ತೆರಿಗೆ, ವಿದ್ಯುತ್ತಿನ ಲೆಕ್ಕಾಚಾರವನ್ನು ಉಳಿಸಿಕೊಂಡು ಅದಕ್ಕೊಂದು ಹೊಸ ಮುಖ ಕೊಟ್ಟಿತು. ಹೊಸಬರಿಗೆ ಸಲಹೆ ಕೊಡಲು ಡಾಕ್ಟರ್ ರೈಟ್ ಎಂಬ ಪಾತ್ರ ಬಂತು. ಋತುವಿಗೆ ತಕ್ಕಂತೆ ನೆಲದ ಬಣ್ಣ ಬದಲಾಯಿತು. ಜನಸಂಖ್ಯೆ 5 ಲಕ್ಷ ಮುಟ್ಟಿದರೆ ಮಾರಿಯೋ ಪ್ರತಿಮೆ ಬಹುಮಾನವಾಗಿ ಸಿಗುತ್ತಿತ್ತು. ಗುರಿಯೇ ಇಲ್ಲದ ಆಟಕ್ಕೆ ಟಿವಿಯ ಮುಂದಿನವರಿಗಾಗಿ ಮೆಟ್ಟಿಲುಗಳನ್ನು ಕಟ್ಟಿದ ಈ ಉಪಾಯ ಮುಂದೆ ಎಲ್ಲರಿಗೂ ಮಾದರಿಯಾಯಿತು. ಸಿಡ್ ಮೈಯರ್ 1991ರಲ್ಲಿ ಪಿಸಿಗೆ ರೂಪಿಸಿದ, ನಾಗರಿಕತೆಯೊಂದನ್ನು ಬೆಳೆಸುವ ಆಟ 'ಸಿವಿಲೈಸೇಶನ್' ಕೂಡ ಮೂರ‍್ನಾಲ್ಕು ವರ್ಷಗಳಲ್ಲಿ ಅದೇ ಕನ್ಸೋಲನ್ನು ತಲುಪಿತು.

ಹೊಸದಾಗಿ ಬರೆದ ಕಾಲ: 2003ರಿಂದ 2008

ಹೊಸ ಶತಮಾನದ ಕನ್ಸೋಲುಗಳು ಬಲವಾದವು. ತಯಾರಕರು ಇಲ್ಲಿ ಎರಡು ದಾರಿ ಹಿಡಿದರು. ಒಂದು, ಇದ್ದದ್ದನ್ನು ಹಾಗೇ ದಾಟಿಸುವುದು. ಕ್ರಿಸ್ ಸಾಯರ್ ಬಹುಪಾಲು ಅಸೆಂಬ್ಲಿ ಭಾಷೆಯಲ್ಲೇ ಬರೆದು 1999ರಲ್ಲಿ ಕೊಟ್ಟ, ಮನರಂಜನಾ ಉದ್ಯಾನ ಕಟ್ಟುವ ಆಟ 'ರೋಲರ್‌ಕೋಸ್ಟರ್ ಟೈಕೂನ್' 2003ರಲ್ಲಿ ಎಕ್ಸ್‌ಬಾಕ್ಸಿಗೆ ಬಂತು. ಆ ಕೆಲಸ ಮಾಡಿದ್ದು ಬ್ರಾಬೆನ್ ಕಟ್ಟಿದ ಫ್ರಾಂಟಿಯರ್ ಸಂಸ್ಥೆ.

ಇನ್ನೊಂದು ದಾರಿ, ಕನ್ಸೋಲಿಗೆಂದೇ ಆಟವನ್ನು ಮತ್ತೆ ಬರೆಯುವುದು. 2000ದಲ್ಲಿ ಪಿಸಿಗೆ ಬಂದ, ಮನೆಮಂದಿಯ ದಿನಚರಿ ನಡೆಸುವ ಆಟ 'ದಿ ಸಿಮ್ಸ್' 2003ರಲ್ಲಿ ಕನ್ಸೋಲಿಗೆ ಬಂದಾಗ ಹಂತಹಂತದ ಗುರಿಗಳನ್ನು ಹೊತ್ತು ತಂದಿತು. ಮುಂದೆ 'ಸಿಮ್ಸ್ 2'ರ ಕನ್ಸೋಲ್ ರೂಪದಲ್ಲಿ ಆದೇಶ ಕೊಟ್ಟು ಕಾಯುವ ಬದಲು ಪಾತ್ರವನ್ನು ಸ್ಟಿಕ್ಕಿನಿಂದ ನೇರವಾಗಿ ನಡೆಸಬಹುದಾಯಿತು. 2008ರ 'ಸಿವಿಲೈಸೇಶನ್ ರೆವಲ್ಯೂಶನ್' ಇನ್ನೂ ಮುಂದೆ ಹೋಯಿತು. ಮೈಯರ್ ತಂಡ ಅದನ್ನು ಕನ್ಸೋಲಿಗಾಗಿಯೇ ಮೊದಲಿನಿಂದ ರಚಿಸಿತು. ಆಟ ಚುರುಕಾಯಿತು, ಹೊಸಬರು ಬಂದರು. ಆದರೆ ಪಿಸಿಯ ಆಳ ಬೇಕೆಂದವರಿಗೆ ಅದು ಸಾಲಲಿಲ್ಲ. ಸರಳ ಮಾಡುವುದಕ್ಕೂ ಒಂದು ಮಿತಿಯಿದೆ ಎಂದು ಈ ಘಟ್ಟ ಕಲಿಸಿತು.

ಪೂರ್ತಿ ಆಟವೇ ಬೇಕು: 2013ರಿಂದ 2023

ಸ್ವಿಟ್ಜರ್ಲೆಂಡಿನ ಜೈಂಟ್ಸ್ ಸಾಫ್ಟ್‌ವೇರ್ 2008ರಲ್ಲಿ ಪಿಸಿಗೆ ಶುರುಮಾಡಿದ 'ಫಾರ್ಮಿಂಗ್ ಸಿಮ್ಯುಲೇಟರ್' 2013ರಲ್ಲಿ ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360ಕ್ಕೆ ಕಾಲಿಟ್ಟಿತು. ಆ ಕನ್ಸೋಲುಗಳ ಮೆಮೊರಿ ಒಟ್ಟು 512 ಮೆಗಾಬೈಟ್. 2016ರ ಆವೃತ್ತಿಯ ಹೊತ್ತಿಗೆ, ಆಡುವವರೇ ತಯಾರಿಸಿದ ಟ್ರ್ಯಾಕ್ಟರು, ಉಪಕರಣ, ಭೂಪಟಗಳನ್ನು ಸೇರಿಸಿಕೊಳ್ಳುವ ಪಿಸಿಯ ಅನುಕೂಲ ಕನ್ಸೋಲಿಗೂ ಬಂತು. ಆದರೆ ಒಂದು ಹೊಲದಲ್ಲಿ ಎಷ್ಟು ಯಂತ್ರ, ಎಷ್ಟು ಕಟ್ಟಡ ಇಡಬಹುದು ಎಂಬುದಕ್ಕೆ 'ಸ್ಲಾಟ್' ಲೆಕ್ಕ ಕಟ್ಟಿದರು. ಮೆಮೊರಿಯ ಮಿತಿಯನ್ನು ಬಚ್ಚಿಡದೆ ಆಡುವವರ ಮುಂದೆಯೇ ಇಟ್ಟದ್ದು ಪ್ರಾಮಾಣಿಕ ಪರಿಹಾರ.

ಫಿನ್ಲೆಂಡಿನ ಕೊಲಾಸಲ್ ಆರ್ಡರ್ 2015ರಲ್ಲಿ ಕೊಟ್ಟ 'ಸಿಟೀಸ್: ಸ್ಕೈಲೈನ್ಸ್' ಕಠಿಣ ಪರೀಕ್ಷೆಯೇ ಆಗಿತ್ತು. ಆ ನಗರದಲ್ಲಿ ಒಬ್ಬೊಬ್ಬ ನಿವಾಸಿಗೂ ಮನೆ, ಕೆಲಸ, ಹೋಗುವ ದಾರಿ ಇರುತ್ತದೆ. ಏಕಕಾಲಕ್ಕೆ 16,384 ವಾಹನಗಳವರೆಗೆ ದಾರಿ ಹುಡುಕುತ್ತಿರುತ್ತವೆ. ಆಸ್ಟ್ರೇಲಿಯಾದ ಟ್ಯಾಂಟಲಸ್ ಸಂಸ್ಥೆ ಇದನ್ನು 2017ರಲ್ಲಿ ಎಕ್ಸ್‌ಬಾಕ್ಸ್ ಒನ್‌ಗೂ ಪ್ಲೇಸ್ಟೇಷನ್ 4ಕ್ಕೂ ತಂದಿತು. ಎರಡರಲ್ಲೂ ಮೆಮೊರಿ 8 ಗಿಗಾಬೈಟ್, ಪ್ರೊಸೆಸರು ಮಂದ. ಲೆಕ್ಕಾಚಾರವನ್ನು ಉಳಿಸಿಕೊಂಡರು; ಭೂಮಿಯ ವಿಸ್ತಾರ ಪಿಸಿಯ ಮೂಲ ಆಟದಂತೆಯೇ ಒಂಬತ್ತು ತುಂಡುಗಳಿಗೆ ನಿಂತಿತು. 2023ರಲ್ಲಿ ಹೊಸ ಕನ್ಸೋಲುಗಳ ಆವೃತ್ತಿ ಬಂದಾಗ ಅದು 25ಕ್ಕೆ ಏರಿತು. ಬಾಹ್ಯಾಕಾಶ ಸಾಮ್ರಾಜ್ಯದ ಆಟ 'ಸ್ಟೆಲ್ಲಾರಿಸ್' 2019ರಲ್ಲಿ ಕನ್ಸೋಲಿಗೆ ಬಂದದ್ದೂ ಟ್ಯಾಂಟಲಸ್ ಕೈಯಿಂದಲೇ.

ಸೋಲಿನ ಪಾಠಗಳೂ ಈ ಅವಧಿಯವೇ. ರಾಕೆಟ್ ಕಟ್ಟಿ ಹಾರಿಸುವ 'ಕರ್ಬಲ್ ಸ್ಪೇಸ್ ಪ್ರೋಗ್ರಾಂ' 2016ರಲ್ಲಿ ಕನ್ಸೋಲಿಗೆ ಬಂದಾಗ ಉಳಿಸಿಟ್ಟ ಆಟದ ಕಡತಗಳೇ ಕೆಡತೊಡಗಿದವು. ನೂರಾರು ಬಿಡಿಭಾಗಗಳ ಭೌತಶಾಸ್ತ್ರವನ್ನು ಕನ್ಸೋಲ್ ಹೊರಬಲ್ಲದು, ಆದರೆ ಆಟವನ್ನು ಉಳಿಸಿಡುವಂಥ ಸಣ್ಣ ಕೆಲಸದಲ್ಲಿ ಎಡವಿದರೆ ಆಡುವವರ ತಿಂಗಳುಗಳ ದುಡಿಮೆ ಮಣ್ಣುಪಾಲು. ಬಾರ್ಸಿಲೋನಾದ ಬ್ಲಿಟ್‌ವರ್ಕ್ಸ್ ಮತ್ತೆ ಕೆಲಸ ಮಾಡಿ 2018ರ ಜನವರಿಯಲ್ಲಿ ಸುಧಾರಿತ ಆವೃತ್ತಿ ಕೊಟ್ಟ ಮೇಲೆ ಆಟ ಮರ್ಯಾದೆ ಉಳಿಸಿಕೊಂಡಿತು. 'ಸಿಟೀಸ್: ಸ್ಕೈಲೈನ್ಸ್ 2' 2023ರ ಅಕ್ಟೋಬರಿನಲ್ಲಿ ಪಿಸಿಗೆ ಬಂದರೂ ಅದರ ಕನ್ಸೋಲ್ ಆವೃತ್ತಿ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಪಿಸಿಯಲ್ಲೇ ಏದುಸಿರು ಬಿಡುವ ಆಟವನ್ನು ಕನ್ಸೋಲಿಗೆ ದಾಟಿಸಲಾಗದು ಎಂಬುದಕ್ಕೆ ಅದೇ ಸಾಕ್ಷಿ.

2022ರ ಹೊತ್ತಿಗೆ ಕೈ ಪಳಗಿತ್ತು. ವಂಶ, ಮದುವೆ, ಪಿತೂರಿಗಳ ಓದಿನ ಭಾರವೇ ಹೆಚ್ಚಿರುವ 'ಕ್ರುಸೇಡರ್ ಕಿಂಗ್ಸ್ 3' ಮಾರ್ಚಿನಲ್ಲಿ, ವಸಾಹತು ಕಟ್ಟುವ ಆಟ 'ರಿಮ್‌ವರ್ಲ್ಡ್' ಜುಲೈನಲ್ಲಿ, ಜೆಕ್ ದೇಶದ ಕಾರ್ಖಾನೆ ಆಟ 'ಫ್ಯಾಕ್ಟೋರಿಯೊ' ಅಕ್ಟೋಬರಿನಲ್ಲಿ ಕನ್ಸೋಲಿಗೆ ಬಂದವು. ಫ್ಯಾಕ್ಟೋರಿಯೊ ಬಂದದ್ದು ಕೈಯಲ್ಲಿ ಹಿಡಿಯುವ ನಿಂಟೆಂಡೊ ಸ್ವಿಚ್‌ಗೆ. ಅದರಲ್ಲಿ ಆಡುವವರು ಪಿಸಿಯವರ ಜೊತೆ ಒಂದೇ ಕಾರ್ಖಾನೆಯಲ್ಲಿ ಕೆಲಸ ಮಾಡಬಹುದು. ಎರಡೂ ಕಡೆಯ ಲೆಕ್ಕ ಕೂದಲೆಳೆಯಷ್ಟೂ ತಪ್ಪದೆ ತಾಳೆಯಾದರೆ ಮಾತ್ರ ಇದು ಸಾಧ್ಯ.

ಇಡೀ ಭೂಮಿ ಟಿವಿಯಲ್ಲಿ

ಈ ಹಾದಿಯ ಶಿಖರ 'ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್'. 1982ರಿಂದ ಪಿಸಿಯಲ್ಲಿ ಬೆಳೆದ ಸರಣಿ ಅದು. ಫ್ರಾನ್ಸಿನ ಅಸೋಬೊ ತಂಡದ ಹೊಸ ಆವೃತ್ತಿ 2020ರ ಆಗಸ್ಟಿನಲ್ಲಿ ಪಿಸಿಗೆ, 2021ರ ಜುಲೈ 27ರಂದು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್‌ಗೆ ಬಂತು. ಬಿಂಗ್ ಭೂಪಟದ ಎರಡು ಪೆಟಾಬೈಟಿಗೂ ಹೆಚ್ಚಿನ ದತ್ತಾಂಶ ದೂರದ ಸರ್ವರುಗಳಲ್ಲಿರುತ್ತದೆ. ವಿಮಾನ ಹಾರಿದಂತೆ ಬೇಕಾದ ನೆಲ ಮಾತ್ರ ಇಂಟರ್ನೆಟ್ಟಿನಲ್ಲಿ ಇಳಿದು ಬರುತ್ತದೆ. ಭೂಮಿಯನ್ನೆಲ್ಲ ಸೇರಿಸಿಕೊಂಡ ಆಟವಾದ್ದರಿಂದ ರಾಯದುರ್ಗದ ಬೆಟ್ಟವೂ ವೇದಾವತಿಯ ಮರಳ ಪಾತ್ರವೂ ಮಡಕಶಿರಾದ ಗುಡ್ಡಸಾಲೂ ಅದರೊಳಗಿವೆ. ಕಟ್ಟಡಗಳ ನಿಖರ ಚಿತ್ರಣ ಆಯ್ದ ನಗರಗಳಿಗಷ್ಟೇ. ಉಳಿದೆಡೆ ಉಪಗ್ರಹ ಚಿತ್ರ ನೋಡಿ ಕೃತಕ ಬುದ್ಧಿಮತ್ತೆ ಕಟ್ಟಡಗಳನ್ನು ಊಹಿಸಿ ನಿಲ್ಲಿಸುತ್ತದೆ.

ಸೀರೀಸ್ ಎಸ್‌ನ 10 ಗಿಗಾಬೈಟ್ ಮೆಮೊರಿಯಲ್ಲಿ ಇದನ್ನು ಓಡಿಸಲು ಅಸೋಬೊ ತಂಡ ಆಟದ ಒಳಗನ್ನೇ ಪರಿಷ್ಕರಿಸಿತು. ಅದೇ ದಿನದ ಅಪ್‌ಡೇಟಿನಿಂದ ಪಿಸಿ ಆವೃತ್ತಿಯೂ ಹಗುರಾಗಿ ಓಡತೊಡಗಿತು. ಕನ್ಸೋಲಿಗಾಗಿ ಮಾಡಿದ ಮಿತವ್ಯಯ ಮೂಲ ಆಟಕ್ಕೇ ಲಾಭ ತಂದಿತು. ಇಡೀ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ.

ಬೆಂಗಳೂರು ಮತ್ತು ಕನ್ನಡ

ಈ ಕಸುಬು ಕನ್ನಡ ನೆಲಕ್ಕೆ ಹೊಸದಲ್ಲ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರ್ಯಾಕ್ಟಿವ್ ಕಟ್ಟಿದರು. ಕಾರುಗಳ ಚಲನೆಯನ್ನು ಸೂಕ್ಷ್ಮವಾಗಿ ಲೆಕ್ಕ ಹಾಕುವ 'ಫೋರ್ಜಾ' ಸರಣಿಗೆ ಅಲ್ಲಿನ ಕಲಾವಿದರು ಕೆಲಸ ಮಾಡಿದರು. 2019ರಲ್ಲಿ ಸಂಸ್ಥೆ ರಾಕ್‌ಸ್ಟಾರ್ ಎಂಬ ಆಟ ಸಂಸ್ಥೆಯ ಬಳಗ ಸೇರಿತು. ಕೈಚಳಕ ನಮ್ಮಲ್ಲಿದೆ. ಭಾಷೆ ಮಾತ್ರ ಹಿಂದೆ ಬಿದ್ದಿದೆ. ಇಲ್ಲಿ ಹೆಸರಿಸಿದ ದೊಡ್ಡ ಆಟಗಳನ್ನು ಕನ್ನಡದಲ್ಲಿ ಆಡಲು ಬರುವುದಿಲ್ಲ. ಕನ್ನಡ 1991ರ ಮೊದಲ ಯೂನಿಕೋಡಿನಲ್ಲೇ ಇದೆ. ಆದರೆ ಒತ್ತಕ್ಷರ, ಗುಣಿತಾಕ್ಷರಗಳನ್ನು ಸರಿಯಾಗಿ ಜೋಡಿಸುವ ವ್ಯವಸ್ಥೆ ಆಟದ ಎಂಜಿನ್ನಿನಲ್ಲೂ ಇರಬೇಕು. 2023ರ ಮಾರ್ಚಿನಲ್ಲಿ ಬಂದ ಉಚಿತ ಎಂಜಿನ್ ಗೋಡೋ 4ರಲ್ಲಿ ಆ ವ್ಯವಸ್ಥೆ ಒಳಗೇ ಇದೆ. ತಾಂತ್ರಿಕ ನೆಪ ಹೇಳುವ ಕಾಲ ಮುಗಿಯಿತು.

ನಮ್ಮ ನೆಲದ ಸಿಮ್ಯುಲೇಶನ್

ಅನಂತಪುರ ಜಿಲ್ಲೆಯ ರಾಯದುರ್ಗ ಮತ್ತು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರಾ ಎರಡೂ ಮಳೆಯ ದಾರಿ ಕಾಯುವ ನೆಲ. ಇಲ್ಲಿನ ಪ್ರಾಣ ಶೇಂಗಾ. 'ಫಾರ್ಮಿಂಗ್ ಸಿಮ್ಯುಲೇಟರ್' 2021ರ ಆವೃತ್ತಿಯಲ್ಲಿ ಜೋಳ ತಂದಿತು, 2024ರಲ್ಲಿ ಭತ್ತ ತಂದಿತು. ಶೇಂಗಾ ಅದರ ಮೂಲ ಪಟ್ಟಿಯಲ್ಲಿಲ್ಲ.

ಆದರೆ ಶೇಂಗಾದ ಲೆಕ್ಕ ಎಂದೋ ಸಿದ್ಧವಾಗಿದೆ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ರೂಪುಗೊಂಡ ಪಿನಟ್‌ಗ್ರೋ ಎಂಬ ಮಾದರಿ ಮಳೆ, ಬಿಸಿಲು, ಮಣ್ಣಿನ ತೇವ ನೋಡಿ ಶೇಂಗಾ ಗಿಡದ ಬೆಳವಣಿಗೆಯನ್ನು ದಿನದಿನಕ್ಕೆ ಲೆಕ್ಕ ಹಾಕುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್, ಪಿ.ಆರ್. ಶೇಷಗಿರಿ ರಾವ್ ಮತ್ತು ಸಂಗಡಿಗರು 2000ದ ಸುಮಾರಿಗೆ ಇದನ್ನು ಅನಂತಪುರ ಸೀಮೆಯ ಮಳೆಯ ದಾಖಲೆಗೆ ಹಚ್ಚಿ, ಯಾವಾಗ ಬಿತ್ತಿದರೆ ಇಳುವರಿ ಏನಾಗುತ್ತದೆ ಎಂದು ಪರಿಶೀಲಿಸಿದರು. ಮಡಕಶಿರಾದ ನೆರೆಯ ಪಾವಗಡವೂ ಇದೇ ಸೀಮೆಯದು. ಆಟವೊಂದಕ್ಕೆ ಬೇಕಾದ ಹೃದಯ ಇದೇ: ಅನಿಶ್ಚಿತ ಮಳೆ, ಒಂದು ತೀರ್ಮಾನ, ಅದರ ಫಲ.

ನಗರದ ಲೆಕ್ಕವನ್ನು ಮಕ್ಕಳ ಕೈಗೆ ದಾಟಿಸಿದ ವಿದ್ಯೆಯೇ ಈ ಲೆಕ್ಕವನ್ನೂ ದಾಟಿಸಬಲ್ಲದು. ಬೆಂಗಳೂರಿನ ಆಟ ತಯಾರಕರು, ಕೃಷಿ ವಿಜ್ಞಾನಿಗಳು, ಗಡಿಭಾಗದ ಕನ್ನಡ ಶಾಲೆಗಳ ಶಿಕ್ಷಕರು ಒಟ್ಟಿಗೆ ಕೂತರೆ ಬಿತ್ತನೆ, ಕೆರೆ, ಕೊಳವೆಬಾವಿ, ಸಾಲ, ಬೆಲೆಗಳನ್ನು ಕನ್ನಡದಲ್ಲೇ ಆಡಿ ಕಲಿಯುವ ಸಿಮ್ಯುಲೇಶನ್ ಒಂದನ್ನು ಕಟ್ಟಬಹುದು. ಲೆಕ್ಕವನ್ನು ಸುಳ್ಳು ಮಾಡಬೇಡಿ, ಕಂಟ್ರೋಲರಿನಿಂದಲೇ ಆಡುವಂತೆ ಮಾಡಿ, ಟಿವಿಯಲ್ಲಿ ದೂರದಿಂದ ಓದುವಷ್ಟು ದೊಡ್ಡ ಕನ್ನಡ ಅಕ್ಷರ ಹಾಕಿ. ಮೂರೂವರೆ ದಶಕದ ಅನುಭವ ಹೇಳುವುದು ಇಷ್ಟನ್ನೇ. ಕೆಲಸ ಶುರುವಾಗಲಿ.