ಮಾಗಡಿ ಕೆರೆ ಮತ್ತು ಕಪ್ಪತಗುಡ್ಡ: ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಪರಿಸರ ಅಧ್ಯಯನ ಹಾಗೂ ಪ್ರಕಟಣೆಗೆ ಸಂಬಂಧಿಸಿದ ಮಾಹಿತಿ

ಪೀಠಿಕೆ

ಎಲ್ಲ ಹಂತದ ಶಿಕ್ಷಣದಲ್ಲಿಯೂ ಪರಿಸರ ವಿಷಯವನ್ನು ಕಡ್ಡಾಯಗೊಳಿಸುವಂತೆ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನಿರ್ದೇಶನ ನೀಡಿತು. ಅದರಂತೆ ಪದವಿ ತರಗತಿಗಳ ಪಠ್ಯಕ್ರಮದಲ್ಲಿ ಕ್ಷೇತ್ರ ಅಧ್ಯಯನವೂ ಸೇರಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹಾಗೂ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಮತ್ತು ಕಪ್ಪತಗುಡ್ಡ ಸಮೀಪದ ಅಧ್ಯಯನ ಕ್ಷೇತ್ರಗಳಾಗಿವೆ. ಅಧ್ಯಯನ ಕೈಗೊಂಡು, ಅದರ ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಬಯಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಅಧ್ಯಯನ ಕ್ಷೇತ್ರಗಳ ಪರಿಚಯ

1. ಮಾಗಡಿ ಕೆರೆ: ನೀರಾವರಿಗಾಗಿ ಮಳೆನೀರು ಸಂಗ್ರಹಿಸಲು ನಿರ್ಮಿಸಿದ ಈ ಕೆರೆಯ ವಿಸ್ತೀರ್ಣ ಸುಮಾರು 134 ಎಕರೆ. ಇಲ್ಲಿ 166ಕ್ಕೂ ಹೆಚ್ಚು ಪ್ರಭೇದಗಳ ಪಕ್ಷಿಗಳು ದಾಖಲಾಗಿದ್ದು, ಅವುಗಳಲ್ಲಿ 130 ವಲಸೆ ಪ್ರಭೇದಗಳು. ಚಳಿಗಾಲದಲ್ಲಿ ಸುಮಾರು 8,000 ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಗೆ ಬರುತ್ತವೆ. ಸಂರಕ್ಷಣಾ ಮೀಸಲು ಪ್ರದೇಶವಾಗಿರುವ ಈ ಕೆರೆಯನ್ನು 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ ಸೇರಿಸಲಾಯಿತು.

2. ಕಪ್ಪತಗುಡ್ಡ: ಗದಗ, ಮುಂಡರಗಿ ಮತ್ತು ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ ಈ ಗುಡ್ಡಸಾಲು ಔಷಧಿ ಸಸ್ಯಗಳಿಗೆ ಹೆಸರಾಗಿದೆ. 2015ರಲ್ಲಿ ಇದನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. 2016ರ ನವೆಂಬರ್‌ನಲ್ಲಿ ಈ ಘೋಷಣೆಯನ್ನು ಹಿಂಪಡೆಯಲಾಯಿತು. ಗದಗದ ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳ ನೇತೃತ್ವದಲ್ಲಿ ನಡೆದ ಜನಹೋರಾಟದ ತರುವಾಯ 2017ರಲ್ಲಿ ಘೋಷಣೆ ಪುನಃಸ್ಥಾಪನೆಗೊಂಡಿತು. 2019ರಲ್ಲಿ 244.15 ಚದರ ಕಿಲೋಮೀಟರ್ ಪ್ರದೇಶವನ್ನು ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಗುಡ್ಡದಲ್ಲಿ ಏನಿದೆ ಎಂಬ ನಂಬಲರ್ಹ ಮಾಹಿತಿಯು ಜನರಿಗೆ ಅರ್ಥವಾಗುವ ಭಾಷೆಯಲ್ಲಿ ದೊರೆಯುವುದರ ಅಗತ್ಯವನ್ನು ಈ ನಾಲ್ಕು ವರ್ಷಗಳ ಬೆಳವಣಿಗೆಗಳು ತೋರಿಸುತ್ತವೆ.

ಅನುಮತಿ

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಪ್ರಕರಣ 28ರ ಮೇರೆಗೆ, ವನ್ಯಜೀವಿ ಧಾಮದೊಳಗೆ ಅಧ್ಯಯನ, ವೈಜ್ಞಾನಿಕ ಸಂಶೋಧನೆ ಮತ್ತು ಛಾಯಾಗ್ರಹಣಕ್ಕೆ ಪ್ರವೇಶಾನುಮತಿ ನೀಡುವ ಅಧಿಕಾರವು ಮುಖ್ಯ ವನ್ಯಜೀವಿ ಪರಿಪಾಲಕರದ್ದಾಗಿರುತ್ತದೆ. ಧಾಮದೊಳಗಿನ ಗಿಡಮೂಲಿಕೆಯ ಮಾದರಿಯನ್ನು ಕಿತ್ತು ತರುವುದಕ್ಕೆ ಪ್ರವೇಶಾನುಮತಿಯೊಂದೇ ಸಾಲದು. ಸಂರಕ್ಷಣಾ ಮೀಸಲು ಪ್ರದೇಶದಲ್ಲಿಯೂ ಬೆಂಕಿ ಹಚ್ಚುವುದು, ವನ್ಯಜೀವಿಗಳಿಗೆ ತೊಂದರೆ ಕೊಡುವುದು ನಿಷಿದ್ಧ.

ಮನವಿಯಲ್ಲಿ ಈ ಕೆಳಕಂಡ ವಿವರಗಳಿದ್ದಲ್ಲಿ ಪರಿಶೀಲನೆಗೆ ಅನುಕೂಲವಾಗುತ್ತದೆ:

ಅ) ಅಧ್ಯಯನದ ಉದ್ದೇಶ, ವಿಧಾನ ಮತ್ತು ಅವಧಿ
ಆ) ಭೇಟಿ ನೀಡುವ ಸ್ಥಳಗಳು ಹಾಗೂ ತಂಡದ ಸದಸ್ಯರ ಹೆಸರು
ಇ) ಮಾರ್ಗದರ್ಶಕರ ಶಿಫಾರಸು ಪತ್ರ
ಈ) ಫಲಿತಾಂಶವನ್ನು ಪ್ರಕಟಿಸುವ ಬಗೆ

ಕಚೇರಿ ದಾಖಲೆಗಳ ಪ್ರತಿ ಬೇಕಾದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರನ್ವಯ 10 ರೂಪಾಯಿ ಶುಲ್ಕದೊಂದಿಗೆ ಸಂಬಂಧಪಟ್ಟ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.

ಬರವಣಿಗೆಯಲ್ಲಿ ಗಮನಿಸಬೇಕಾದ ಅಂಶಗಳು

1. ಪಕ್ಷಿಗಳ ಸಂಖ್ಯೆಯನ್ನು ಬರೆಯುವಾಗ ಎಣಿಕೆಯ ದಿನಾಂಕ, ವೇಳೆ ಹಾಗೂ ವಿಧಾನವನ್ನು ನಮೂದಿಸುವುದು. ಒಂದು ದಿನದ ಎಣಿಕೆಯನ್ನು ಇಡೀ ಋತುವಿನ ಸಂಖ್ಯೆಯೆಂದು ಬರೆಯಬಾರದು.

2. ಹೆಬ್ಬಾತುಗಳು ಮೇಯಲು ಸುತ್ತಲಿನ ಹೊಲಗಳಿಗೆ ಇಳಿಯುತ್ತವೆ. ಆದುದರಿಂದ ರೈತರ ಅನುಭವ ಮತ್ತು ಬೆಳೆಯ ಸ್ಥಿತಿಯೂ ವರದಿಯಲ್ಲಿ ಸೇರಬೇಕು. ಅವರನ್ನು ಬಿಟ್ಟು ಬರೆದ ಲೇಖನವನ್ನು ಊರಿನವರು ನಂಬುವುದಿಲ್ಲ.

3. ಅಪರೂಪದ ಔಷಧಿ ಸಸ್ಯ ಬೆಳೆಯುವ ನಿಖರ ಸ್ಥಳವನ್ನು, ನಕ್ಷೆಯನ್ನು ಪ್ರಕಟಿಸಬಾರದು. ಸದುದ್ದೇಶದ ಒಂದು ಲೇಖನವೇ ಆ ಗಿಡವನ್ನು ಬೇರುಸಹಿತ ಕೀಳುವವರಿಗೆ ದಾರಿ ತೋರಿಸಬಹುದು. ಗುಡ್ಡಸಾಲಿನ ಹೆಸರನ್ನಷ್ಟೇ ಬರೆದರೆ ಸಾಕು.

4. ನಾಟಿ ವೈದ್ಯರು ತಿಳಿಸಿದ ಮಾಹಿತಿಯನ್ನು ಅವರ ಒಪ್ಪಿಗೆ ಪಡೆದೇ ಪ್ರಕಟಿಸುವುದು.

5. ಸಸ್ಯದ ವೈಜ್ಞಾನಿಕ ಹೆಸರಿನೊಂದಿಗೆ ಆ ಭಾಗದ ಜನ ಕರೆಯುವ ಹೆಸರನ್ನೂ ಕೊಡುವುದು.

ಪ್ರಕಟಣೆಯ ವಿಧಿಗಳು

ಪುಸ್ತಕ: ಐ.ಎಸ್.ಬಿ.ಎನ್. ಸಂಖ್ಯೆಯನ್ನು ನವದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಯು ಶುಲ್ಕವಿಲ್ಲದೆ ನೀಡುತ್ತದೆ. 1954ರ ಪುಸ್ತಕಗಳ ವಿತರಣಾ ಅಧಿನಿಯಮದ ಪ್ರಕಾರ, ಪ್ರಕಾಶಕರು ಪ್ರಕಟಣೆಯಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ ಮತ್ತು ಇತರ ಮೂರು ನಿಗದಿತ ಗ್ರಂಥಾಲಯಗಳಿಗೆ ಒಂದೊಂದು ಪ್ರತಿಯನ್ನು ಸ್ವಂತ ವೆಚ್ಚದಲ್ಲಿ ಕಳುಹಿಸತಕ್ಕದ್ದು.

ನಿಯತಕಾಲಿಕ: ಸಾರ್ವಜನಿಕ ಸುದ್ದಿ ಅಥವಾ ಅದರ ಮೇಲಿನ ಟಿಪ್ಪಣಿಗಳನ್ನು ನಿಗದಿತ ಅವಧಿಗೊಮ್ಮೆ ಮುದ್ರಿಸುವ ಪತ್ರಿಕೆಗೆ, 2024ರ ಮಾರ್ಚ್ 1ರಿಂದ ಜಾರಿಗೆ ಬಂದಿರುವ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಅಧಿನಿಯಮ, 2023 ಅನ್ವಯಿಸುತ್ತದೆ. ವೈಜ್ಞಾನಿಕ, ತಾಂತ್ರಿಕ ಹಾಗೂ ಶೈಕ್ಷಣಿಕ ಸ್ವರೂಪದ ಜರ್ನಲ್‌ಗಳು ಇದರ ವ್ಯಾಪ್ತಿಗೆ ಬರುವುದಿಲ್ಲ.

ಗ್ರಾಮಕ್ಕೆ ಪ್ರತಿ

ಜೈವಿಕ ವೈವಿಧ್ಯ ಅಧಿನಿಯಮ, 2002ರನ್ವಯ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿದ್ದು, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸುವುದು ಅವುಗಳ ಮುಖ್ಯ ಕಾರ್ಯವಾಗಿದೆ. ವಿದ್ಯಾರ್ಥಿಗಳು ತಮ್ಮ ವರದಿಯ ಕನ್ನಡ ಸಾರಾಂಶದ ಒಂದು ಪ್ರತಿಯನ್ನು ಅಧ್ಯಯನ ನಡೆಸಿದ ಗ್ರಾಮದ ಸಮಿತಿಗೂ ಶಾಲೆಗೂ ನೀಡುವುದು ಅಪೇಕ್ಷಣೀಯ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಮಾತ್ರ ಉಳಿಯುವ ಪ್ರಬಂಧವು ಕೆರೆಯ ದಂಡೆಯಲ್ಲಿ ವಾಸಿಸುವವರಿಗೆ ತಲುಪುವುದಿಲ್ಲ. ಕೆರೆ ಮತ್ತು ಗುಡ್ಡದ ಮುಂದಿನ ನಿರ್ಧಾರಗಳಲ್ಲಿ ಮಾತನಾಡಬೇಕಾದವರು ಅವರೇ ಆಗಿರುತ್ತಾರೆ.