ಆಟ ತಡವರಿಸುವುದೆಲ್ಲಿ: ಲ್ಯಾಗ್ ಪತ್ತೆಯ ನಾಲ್ಕು ದಶಕ

ಆನ್‌ಲೈನ್ ಆಟ ನಿಂತು ನಿಂತು ಓಡುತ್ತಿದೆ ಎಂದು ದೂರು ಕೊಟ್ಟರೆ ಈಗ ಎದುರಾಗುವ ಮೊದಲ ಪ್ರಶ್ನೆ, 'ಸ್ಪೀಡ್ ಟೆಸ್ಟ್ ಮಾಡಿದ್ರಾ?' ನೂರು ಎಂಬಿಪಿಎಸ್ ತೋರಿಸಿದರೆ ಲೈನ್ ಸರಿಯಿದೆ ಎಂದು ದೂರನ್ನು ಮುಚ್ಚಿಬಿಡುತ್ತಾರೆ. ಮೊದಲು ಬೆಂಗಳೂರಿನ ಗೇಮಿಂಗ್ ಕೆಫೆಯೊಂದರಲ್ಲಿ, ಆಮೇಲೆ ನೆಟ್‌ವರ್ಕ್ ನಿಗಾ ಕೊಠಡಿಗಳಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇದೇ ಕೆಲಸ ಮಾಡಿದ ನನಗೆ ಆ ಪ್ರಶ್ನೆ ಕೇಳಿದಾಗಲೆಲ್ಲ ಬೇಸರವಾಗುತ್ತದೆ. ಗುಂಡು ಹಾರಿಸುವ ಆಟವೊಂದು ಸೆಕೆಂಡಿಗೆ ಕಳಿಸುವುದು ಹಲವು ಹತ್ತು ಪುಟ್ಟ ಪ್ಯಾಕೆಟ್‌ಗಳನ್ನು. ಅದಕ್ಕೆ ಸಾಮಾನ್ಯವಾಗಿ ಒಂದು ಎಂಬಿಪಿಎಸ್ ಕೂಡ ಬೇಕಿಲ್ಲ. ಪ್ರತಿ ಪ್ಯಾಕೆಟ್ಟೂ ಹೊತ್ತಿಗೆ ಸರಿಯಾಗಿ ತಲುಪಿದರೆ ಸಾಕು. ಈ ತಲುಪುವಿಕೆಯನ್ನು ಅಳೆಯುವುದಕ್ಕೆಂದೇ ಬೆಳೆದ ವಿದ್ಯೆಯೊಂದಿದೆ.

ಅದರ ಆರಂಭ ಆಟಗಳಿಗಾಗಿ ಆದದ್ದಲ್ಲ. ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮ್ಯೂಸ್, ಪ್ಯಾಕೆಟ್ ಹೋಗಿ ಬರುವ ಹೊತ್ತನ್ನು ಅಳೆಯುವ 'ಪಿಂಗ್' ಅನ್ನು 1983ರ ಡಿಸೆಂಬರಿನಲ್ಲಿ ಬರೆದರು. ಹೆಸರು ಬಂದದ್ದು ಜಲಾಂತರ್ಗಾಮಿಗಳನ್ನು ಹುಡುಕುವ ಸೋನಾರ್‌ನ ಸದ್ದಿನಿಂದ. 1986ರ ಅಕ್ಟೋಬರಿನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಬರೀ 400 ಗಜದ ಹಾದಿಯಲ್ಲಿ ವೇಗ ಸೆಕೆಂಡಿಗೆ 32 ಕಿಲೋಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಅದರ ಕಾರಣ ಹುಡುಕಿದ ವ್ಯಾನ್ ಜೇಕಬ್‌ಸನ್ ಅವರೇ ಮುಂದೆ, ದಾರಿಯ ರೌಟರ್‌ಗಳನ್ನು ಒಂದೊಂದಾಗಿ ತೋರಿಸುವ 'ಟ್ರೇಸ್‌ರೂಟ್' ಕೊಟ್ಟರು. ಇವತ್ತಿಗೂ ನಮ್ಮ ಕೈಯಲ್ಲಿರುವ ಮುಖ್ಯ ಉಪಕರಣಗಳು ಇವೆರಡೇ.

ಆಟಗಳ ಕಡೆ 1993ರ 'ಡೂಮ್'ನಲ್ಲಿ ಎಲ್ಲ ಯಂತ್ರಗಳೂ ಅತಿ ನಿಧಾನದ ಯಂತ್ರಕ್ಕಾಗಿ ಕಾಯಬೇಕಿತ್ತು. 1996ರ 'ಕ್ವೇಕ್'ನಲ್ಲಿ ಕೀಲಿ ಒತ್ತಿದ ಸುದ್ದಿ ಸರ್ವರಿಗೆ ಹೋಗಿ ಬಂದಮೇಲೇ ಕಾಲು ಕದಲುತ್ತಿತ್ತು; ಮೋಡೆಮ್‌ನವರಿಗೆ ಅದು ಯಾತನೆ. ಅದೇ ವರ್ಷ ಜಾನ್ ಕಾರ್ಮ್ಯಾಕ್ 'ಕ್ವೇಕ್‌ವರ್ಲ್ಡ್'ನಲ್ಲಿ ಆಟಗಾರನ ಚಲನೆಯನ್ನು ಅವನ ಯಂತ್ರವೇ ಮುಂದಾಗಿ ಊಹಿಸುವಂತೆ ಮಾಡಿದರು. ವಾಲ್ವ್ ಕಂಪನಿಯ ಯಾನ್ ಬರ್ನಿಯರ್ 2001ರಲ್ಲಿ ವಿವರಿಸಿದ ಪದ್ಧತಿಯಲ್ಲಿ, ಸರ್ವರ್ ಕಾಲವನ್ನು ಹಿಂದಕ್ಕೆ ತಿರುಗಿಸಿ, ಗುಂಡು ಹಾರಿಸಿದವನು ಆ ಕ್ಷಣ ಕಂಡದ್ದನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಆಟ ಹಿತವಾಯಿತು, ಪತ್ತೆ ಕಷ್ಟವಾಯಿತು. ಗೋಡೆಯ ಮರೆಗೆ ಸರಿದ ಮೇಲೂ ನಿಮಗೆ ಗುಂಡು ತಗಲಿದರೆ ವಿಳಂಬ ನಿಮ್ಮ ಲೈನಿನದೇ ಆಗಿರಬೇಕಿಲ್ಲ, ಎದುರಾಳಿಯದೂ ಆಗಿರಬಹುದು. ಹೊಡೆದಾಟದ ಆಟಗಳಿಗೆ ಟೋನಿ ಕ್ಯಾನನ್ 2006ರಲ್ಲಿ ತಂದ 'ಜಿಜಿಪಿಒ' ಕೂಡ ಊಹಿಸಿ ತಿದ್ದಿಕೊಳ್ಳುವ ಈ ದಾರಿಯದೇ.

ನಾನು ಕೆಲಸ ಕಲಿತದ್ದು 'ಕೌಂಟರ್ ಸ್ಟ್ರೈಕ್ 1.6'ರ ಕಾಲದಲ್ಲಿ. ಅದರಲ್ಲಿ 'ನೆಟ್‌ಗ್ರಾಫ್' ಎಂಬ ಪುಟ್ಟ ನಕ್ಷೆ ಪರದೆಯ ಮೂಲೆಯಲ್ಲಿ ಕೂರುತ್ತಿತ್ತು. ಪಿಂಗ್ ಬೇರೆ, ಲಾಸ್ ಬೇರೆ, ಚೋಕ್ ಬೇರೆ ಎಂದು ಅದು ಬಿಡಿಸಿ ತೋರಿಸುತ್ತಿತ್ತು. ಲಾಸ್ ಎಂದರೆ ದಾರಿಯಲ್ಲಿ ಕಳೆದುಹೋದದ್ದು. ಚೋಕ್ ಎಂದರೆ ಕಳಿಸಬೇಕೆಂದಿದ್ದರೂ ಮಿತಿ ಅಡ್ಡಬಂದು ತಡೆದದ್ದು. ಹದಿನೈದು ವರ್ಷದ ಹುಡುಗರು 'ಅಣ್ಣಾ, ನಂದು ಲಾಸ್ ಅಲ್ಲ, ಚೋಕ್' ಎಂದು ಖಚಿತವಾಗಿ ಹೇಳುತ್ತಿದ್ದರು. ಕೆಫೆಯೊಳಗಿನ ಲಾಸ್‌ಗೆ ಹೆಚ್ಚಾಗಿ ಸಿಗುತ್ತಿದ್ದ ಕಾರಣ ಕೆಟ್ಟದಾಗಿ ಕ್ರಿಂಪ್ ಮಾಡಿದ ತುದಿ, ಇಲ್ಲವೇ ಕುರ್ಚಿಯ ಕಾಲಿಗೆ ಸಿಕ್ಕಿ ಜಜ್ಜಿದ ಕೇಬಲ್. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಡ್ಯುಪ್ಲೆಕ್ಸ್ ಹೊಂದಾಣಿಕೆಯ ದೋಷ: ಸ್ವಿಚ್ ಒಂದು ಬಗೆಯಲ್ಲಿ, ಕಂಪ್ಯೂಟರ್ ಇನ್ನೊಂದು ಬಗೆಯಲ್ಲಿ ಮಾತಾಡುತ್ತಿರುತ್ತವೆ. ಖಾಲಿ ಹೊತ್ತಿನಲ್ಲಿ ಪಿಂಗ್ ಚೊಕ್ಕವಾಗಿರುತ್ತದೆ, ಹತ್ತು ಜನ ಆಡತೊಡಗಿದೊಡನೆ ಪ್ಯಾಕೆಟ್ ಉದುರುತ್ತವೆ. ಲೈನಿನ ಮೇಲೆ ಭಾರ ಹಾಕದೆ ಅಳೆಯಬಾರದು ಎಂದು ನಾನು ಕಲಿತದ್ದು ಅಲ್ಲಿ.

ಹೊರಗಿನ ಆಟಕ್ಕೆ ಆಗ ಸಿಂಗಪುರವೇ ಗತಿ. ಬೆಂಗಳೂರಿನಿಂದ ಅಲ್ಲಿಗೆ ನೇರವಾಗಿ ಸುಮಾರು 3,200 ಕಿ.ಮೀ. ಗಾಜಿನೆಳೆಯಲ್ಲಿ ಬೆಳಕು ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಲಕ್ಷ ಕಿ.ಮೀ. ಓಡುವುದರಿಂದ ಹೋಗಿ ಬರಲು ಕನಿಷ್ಠ 32 ಮಿಲಿಸೆಕೆಂಡು ಬೇಕೇ ಬೇಕು. ನಿಜವಾದ ಕೇಬಲ್ ಸುತ್ತಿ ಬಳಸಿ ಹೋಗುವುದರಿಂದ ಇನ್ನೂ ಹೆಚ್ಚು. ಯಾವ 'ಪಿಂಗ್ ಬೂಸ್ಟರ್' ಕೂಡ ಆ ಕನಿಷ್ಠವನ್ನು ಕಡಿಮೆ ಮಾಡಲಾರದು. 2003ರಲ್ಲಿ ದೇಶದ ಜಾಲಗಳನ್ನು ಒಳಗೇ ಜೋಡಿಸುವ 'ನಿಕ್ಸಿ' ಸ್ಥಾಪನೆಯಾಗುವ ಮುನ್ನ ದೇಶದೊಳಗಿನ ಎರಡು ಕಂಪನಿಗಳ ನಡುವಿನ ಪ್ಯಾಕೆಟ್ ಕೂಡ ಹಲವು ಸಲ ವಿದೇಶ ಸುತ್ತಿ ಬರುತ್ತಿತ್ತು. ಮುಂದೆ ಮುಂಬೈಗೆ ಗೇಮ್ ಸರ್ವರ್‌ಗಳು ಬಂದವು. ಭಾರತದ ಆಟಗಾರನಿಗೆ ಸಿಕ್ಕ ಅತಿ ದೊಡ್ಡ ಪರಿಹಾರ ಅದೇ.

ಟ್ರೇಸ್‌ರೂಟನ್ನೂ ಪಿಂಗನ್ನೂ ಒಂದೇ ಪರದೆಯಲ್ಲಿ ಕೂಡಿಸುವ 'ಎಂಟಿಆರ್' 1997ರಲ್ಲೇ ಬಂದಿತ್ತು. ಮ್ಯಾಟ್ ಕಿಂಬಲ್ ಬರೆದದ್ದು. ಇಷ್ಟು ತಪ್ಪಾಗಿ ಓದಿಸಿಕೊಂಡ ಉಪಕರಣ ಬೇರೊಂದಿಲ್ಲ. ನಡುವಿನ ಯಾವುದೋ ರೌಟರ್ ಶೇಕಡಾ 60 ಲಾಸ್ ತೋರಿಸಿದ ಕೂಡಲೇ ಜನ ಅದರ ಮೇಲೆ ಬೀಳುತ್ತಾರೆ. ರೌಟರಿನ ಕೆಲಸ ಪ್ಯಾಕೆಟ್ ದಾಟಿಸುವುದು; ಟ್ರೇಸ್‌ರೂಟಿಗೆ ಉತ್ತರಿಸುವುದನ್ನು ಅದು ಬೇಕೆಂದೇ ಮಿತಿಗೊಳಿಸಿಕೊಂಡಿರುತ್ತದೆ. ಲಾಸ್ ಅಲ್ಲಿಂದ ಮುಂದೆ ಕೊನೆಯ ಸಾಲಿನವರೆಗೂ ಉಳಿದರೆ ಮಾತ್ರ ಅದು ನಿಜ. ಉತ್ತರ ಮರಳುವ ದಾರಿಯೂ ಬೇರೆಯೇ ಇರಬಹುದು. ರಿಚರ್ಡ್ ಸ್ಟೀನ್‌ಬರ್ಗನ್ 2009ರಲ್ಲಿ ನೆಟ್‌ವರ್ಕ್ ನಿರ್ವಾಹಕರ 'ನ್ಯಾನಾಗ್' ಸಭೆಯಲ್ಲಿ ಇದನ್ನೆಲ್ಲ ಬಿಡಿಸಿಟ್ಟರು. ಈ ಕ್ಷೇತ್ರಕ್ಕೆ ಬರುವವರು ಮೊದಲು ಓದಬೇಕಾದದ್ದು ಅದನ್ನು.

ನನ್ನ ಲೆಕ್ಕದಲ್ಲಿ ಈ ವಿದ್ಯೆ ನಿಜವಾಗಿ ಪ್ರೌಢವಾದದ್ದು 2010ರ ಹೊತ್ತಿಗೆ. ಮನೆಯಿಂದ ದೊಡ್ಡ ಕಡತ ಕಳಿಸುವಾಗ ಇಡೀ ಲೈನ್ ಕುಂಟುವುದನ್ನು ಕಂಡ ಜಿಮ್ ಗೆಟಿಸ್, ರೌಟರ್ ಮತ್ತು ಮೋಡೆಮ್‌ಗಳಲ್ಲಿ ತುಂಬಿಕೊಂಡ ಅತಿಯಾದ ಬಫರ್, ಅಂದರೆ ಪ್ಯಾಕೆಟ್‌ಗಳು ಕಾಯುವ ಸಾಲು, ಇದಕ್ಕೆ ಕಾರಣ ಎಂದು ತೋರಿಸಿ, 'ಬಫರ್‌ಬ್ಲೋಟ್' ಎಂದು ಹೆಸರಿಟ್ಟರು. ಪ್ಯಾಕೆಟ್ ಕಳೆದುಹೋಗಬಾರದೆಂದು ತಯಾರಕರು ಸಾಲನ್ನು ಉದ್ದ ಮಾಡುತ್ತ ಹೋಗಿದ್ದರು. ಅಪ್‌ಲೋಡ್ 2 ಎಂಬಿಪಿಎಸ್ ಇರುವಲ್ಲಿ 256 ಕಿಲೋಬೈಟಿನ ಬಫರ್ ತುಂಬಿದರೆ ಅದು ಖಾಲಿಯಾಗಲು ಒಂದು ಸೆಕೆಂಡು ಹಿಡಿಯುತ್ತದೆ. ಆಟದ ಪುಟ್ಟ ಪ್ಯಾಕೆಟ್, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಮೂಟೆ ಹೊತ್ತವರ ಹಿಂದೆ ಬೆಂಕಿಪೊಟ್ಟಣ ಕೊಳ್ಳಲು ನಿಂತವನಂತೆ, ಅಷ್ಟೂ ಹೊತ್ತು ಕಾಯುತ್ತದೆ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಜೊತೆ ಮತ್ತೆ ಅದೇ ಜೇಕಬ್‌ಸನ್ 'ಕೋಡೆಲ್' ತಂದರು. ಅದು ಸಾಲಿನ ಉದ್ದವನ್ನು ಬಿಟ್ಟು, ಪ್ಯಾಕೆಟ್ ಎಷ್ಟು ಹೊತ್ತು ಕಾದಿತೆಂಬುದನ್ನು ನೋಡುತ್ತದೆ. ಅದರ ಮೇಲೆ ಕಟ್ಟಿದ 'ಎಫ್‌ಕ್ಯು-ಕೋಡೆಲ್' 2018ರಲ್ಲಿ ಆರ್‌ಎಫ್‌ಸಿ 8290 ಆಗಿ ಪ್ರಕಟವಾಯಿತು. ಉಚಿತವಾದ 'ಓಪನ್‌ವರ್ಟ್' ಹಾಕಿದ ಹಳೆಯ ರೌಟರ್ ಕೂಡ ಇದನ್ನು ನಡೆಸಬಲ್ಲದು. ಪರಿಚಯದವರೊಬ್ಬರ ಮನೆಯಲ್ಲಿ ದಿನವೂ ರಾತ್ರಿ ಒಂಬತ್ತಕ್ಕೆ ಆಟ ಕೆಡುತ್ತಿತ್ತು. ಕಂಪನಿಯವರು ಎರಡು ಸಲ ಹೆಚ್ಚು ವೇಗದ ಪ್ಲಾನ್ ಮಾರಿದರು. ಕಾರಣ ಅವರ ತಾಯಿಯ ಫೋನು ಆ ಹೊತ್ತಿಗೆ ಫೋಟೊಗಳನ್ನು ಕ್ಲೌಡ್‌ಗೆ ಏರಿಸುತ್ತಿದ್ದದ್ದು. ರೌಟರಿನಲ್ಲಿ ಅಪ್‌ಲೋಡ್ ಮಿತಿಯನ್ನು ಲೈನಿಗಿಂತ ತುಸು ಕೆಳಗಿಟ್ಟು ಎಫ್‌ಕ್ಯು-ಕೋಡೆಲ್ ಹಾಕಿದೆವು, ಆಟ ಸರಿಹೋಯಿತು.

ಇಷ್ಟು ತಿಳಿದ ಮೇಲೂ ಕ್ಷೇತ್ರದಲ್ಲಿ ದೊಡ್ಡದೊಂದು ಖಾಲಿ ಜಾಗ ಉಳಿದಿದೆ. 2018ರಲ್ಲಿ 'ಪಬ್‌ಜಿ ಮೊಬೈಲ್' ಬಂದ ಮೇಲೆ ನಮ್ಮಲ್ಲಿ ಆಟ ಮೇಜಿನಿಂದ ಅಂಗೈಗೆ ಬಂತು. ಉಪಕರಣಗಳು ಮೇಜಿನ ಮೇಲೇ ಉಳಿದವು. ಮೊಬೈಲ್ ಜಾಲವೂ ವೈಫೈಯೂ ಕಳೆದ ಪ್ಯಾಕೆಟನ್ನು ತಾವೇ ಮತ್ತೆ ಕಳಿಸುತ್ತವೆ. ಹೀಗಾಗಿ ಗಾಳಿಯಲ್ಲಾದ ನಷ್ಟ ಲಾಸ್ ಆಗಿ ಕಾಣದೆ ವಿಳಂಬದ ಏರಿಳಿತವಾಗಿ ಕಾಣುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ; ಅಪಾರ್ಟ್‌ಮೆಂಟಿನಲ್ಲಿ ಅವಕ್ಕಾಗಿ ಎಷ್ಟೊಂದು ರೌಟರ್‌ಗಳ ಪೈಪೋಟಿ. ಫೋನಿನ ಆಟ ಇದನ್ನೆಲ್ಲ ಮೂಲೆಯ ಒಂದೇ ಮಿಲಿಸೆಕೆಂಡ್ ಅಂಕಿಯಲ್ಲಿ ಅಡಗಿಸುತ್ತದೆ. 1.6ರ ಹುಡುಗನಿಗೆ ಕಾಣುತ್ತಿದ್ದದ್ದು ಇವತ್ತಿನವನಿಗೆ ಕಾಣುತ್ತಿಲ್ಲ. ಆಟ ಮಾಡುವವರು ಲಾಸ್ ಮತ್ತು ಏರಿಳಿತಗಳನ್ನು ಬೇರೆಬೇರೆಯಾಗಿ ತೋರಿಸಬೇಕು, ಸೇವೆ ಕೊಡುವವರು ಭಾರ ಬಿದ್ದಾಗಿನ ವಿಳಂಬವನ್ನು ಅಳೆದು ಹೇಳಬೇಕು.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಕೋರಿಕೆ. ಪ್ಲಾನ್ ಬದಲಿಸುವ ಮುನ್ನ ಕಂಪ್ಯೂಟರನ್ನು ತಂತಿಯಿಂದ ರೌಟರಿಗೆ ಜೋಡಿಸಿ, ಒಂದು ಕಿಟಕಿಯಲ್ಲಿ ರೌಟರಿಗೂ ಇನ್ನೊಂದರಲ್ಲಿ ಹೊರಗಿನ ಸರ್ವರಿಗೂ ಪಿಂಗ್ ಓಡಿಸಿ. ಮೊದಲನೆಯದು ಜಿಗಿದರೆ ದೋಷ ಮನೆಯೊಳಗಿದೆ. ದೊಡ್ಡ ಅಪ್‌ಲೋಡ್ ಹಾಕಿದಾಗ ಎರಡನೆಯದು ಮಾತ್ರ ಜಿಗಿದರೆ ದೋಷ ಬಫರಿನ ಸಾಲಿನಲ್ಲಿದೆ. ಅಪ್‌ಲೋಡ್ ಇಲ್ಲದಿದ್ದರೂ ಎರಡನೆಯದು ಕೆಡುತ್ತಿದ್ದರೆ ಮೂರು ರಾತ್ರಿಯ ದಾಖಲೆಯನ್ನು ಗಂಟೆ ಸಮೇತ ಬರೆದಿಟ್ಟು ದೂರಿನ ಜೊತೆ ಕಳಿಸಿ.