ಜಾಸ್ ವಾಹಿನಿಯ ನಾಮಲೋಪ

ಊರಿನ ಹೆಸರನ್ನು ಬಿಡಿಸಿ ಅದರ ಪೂರ್ವಚರಿತ್ರೆಯನ್ನು ಅರಿಯುವ ಕ್ರಮವು ವಿದ್ವಾಂಸರಿಗೆ ಪರಿಚಿತವಾದುದು. ಪ್ರಸಾರಸಂಸ್ಥೆಗಳ ವಿಷಯದಲ್ಲಿಯೂ ಈ ಕ್ರಮವು ಸಲ್ಲುವುದೆಂಬುದಕ್ಕೆ ಅಮೆರಿಕಾ ದೇಶದ ಒಂದು ದೂರದರ್ಶನ ವಾಹಿನಿಯು ನಿದರ್ಶನವಾಗಿದೆ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ನ್ಯೂ ಆರ್ಲಿಯನ್ಸ್ ನಗರದ ಆಫ್ರಿಕಾಮೂಲದ ಜನರಲ್ಲಿ ರೂಪುಗೊಂಡ ಸಂಗೀತವೇ ಜಾಸ್. ವಾದಕನು ಆ ಕ್ಷಣದಲ್ಲಿಯೇ ಕಲ್ಪಿಸಿ ನುಡಿಸುವ ಭಾಗವು ಇದರ ಜೀವವಾದುದರಿಂದ, ಮನೋಧರ್ಮಸಂಗೀತವನ್ನು ಬಲ್ಲ ನಮ್ಮವರಿಗೆ ಇದು ತೀರ ಅನ್ಯವೆನಿಸದು. ರಾಬರ್ಟ್ ಜಾನ್ಸನ್ ಎಂಬವರು 1980ರಲ್ಲಿ ಆರಂಭಿಸಿದ ಬ್ಲ್ಯಾಕ್ ಎಂಟರ್‌ಟೈನ್‌ಮೆಂಟ್ ಟೆಲಿವಿಷನ್ ಸಂಸ್ಥೆಯು, 1996ರ ಜನವರಿ 15ರಂದು ಜಾಸ್‌ಗೂ ತತ್ಸಂಬಂಧಿ ಸಂಗೀತಕ್ಕೂ ಮೀಸಲಾದ ವಾಹಿನಿಯೊಂದನ್ನು ಹೊರಡಿಸಿತು. ಅದರ ಹೆಸರು 'ಬಿಇಟಿ ಆನ್ ಜಾಸ್'. ಮೊದಲ ಮೂರಕ್ಷರಗಳು ಸಂಸ್ಥೆಯ ಆದ್ಯಕ್ಷರಗಳು. ಕೂಡಿಸಿ ಓದಿದರೆ ಇಂಗ್ಲಿಷಿನಲ್ಲಿ ಪಣವೆಂದರ್ಥ. ಜಾಸ್ ಮೇಲೆ ಪಣವೊಡ್ಡಿರೆಂಬ ಅರ್ಥಾಂತರವು ಹೀಗೆ ಸ್ಫುರಿಸುವುದು. ಸಭಂಗವೋ ಅಭಂಗವೋ ಎಂಬ ಚರ್ಚೆ ಆಲಂಕಾರಿಕರಿಗಿರಲಿ, ಶ್ಲೇಷವಂತೂ ಸೊಗಸಾದುದು.

ಮಾತೃಸಂಸ್ಥೆಯು 2001ರಲ್ಲಿ ವಯಾಕಾಮ್ ಎಂಬ ಮಹಾಸಂಸ್ಥೆಯ ವಶವಾಯಿತು. ವಾಹಿನಿಯ ಹೆಸರು 'ಬಿಇಟಿ ಜಾಸ್' ಎಂದಾದಾಗ ನಡುವಣ ಪದದೊಡನೆ ಶ್ಲೇಷವೂ ಅಳಿಯಿತು. 2006ರಲ್ಲಿ ಅದು 'ಬಿಇಟಿ ಜೆ' ಎನಿಸಿತು. ನಮ್ಮ ನಾಡಿನಲ್ಲಿಯೂ ಹೆಸರುಗಳು ಆದ್ಯಕ್ಷರಗಳಿಗೆ ಇಳಿಯುವುದುಂಟು. ಆದರೆ ಮೊಳಕಾಲ್ಮೂರು ಸೀಮೆಯ ಬಿ.ಜಿ. ಕೆರೆಯಲ್ಲಿ ವಿಶೇಷಣಭಾಗವು ಕುಗ್ಗಿದರೂ 'ಕೆರೆ'ಯೆಂಬ ವಸ್ತುವಾಚಕವು ಉಳಿದಿದೆ. ಅಮೆರಿಕಾದ ವಾಹಿನಿಯಲ್ಲಿ ಒಡೆಯನ ಹೆಸರು ಉಳಿದು ವಸ್ತುವಿನ ಹೆಸರೇ ಒಂದಕ್ಷರವಾಯಿತು. ಪ್ರಸಾರದಲ್ಲಿಯೂ ಸೋಲ್ ಮೊದಲಾದ ಸಂಬಂಧಿ ಸಂಗೀತವು ಪ್ರಧಾನವಾಯಿತು; ನೆಂಟನಾಗಿ ಬಂದುದು ಮನೆಯನ್ನೇ ಆಕ್ರಮಿಸಿತು. 2009ರಲ್ಲಿ 'ಸೆಂಟ್ರಿಕ್' ಎಂಬ ಹೆಸರು ಬಂದು ಆ ಅಕ್ಷರವೂ ಹೋಯಿತು. 2017ರಲ್ಲಿ ಸ್ತ್ರೀಯರನ್ನು ಉದ್ದೇಶಿಸಿದ 'ಬಿಇಟಿ ಹರ್' ಎಂಬುದಾಯಿತು. ವ್ಯಾಕರಣದಲ್ಲಿ ಪ್ರತ್ಯಯವು ಲೋಪವಾದರೂ ಅದರ ಕಾರ್ಯವು ನಿಲ್ಲುವುದುಂಟು. ಇಲ್ಲಿ ಅದೂ ಇಲ್ಲ. ಇದಕ್ಕೆ ಮಾರಾಟವೊಂದೇ ಕಾರಣವೆನ್ನುವುದು ಸಾಹಸದ ಮಾತಾದೀತು. ತತ್ಸಂಬಂಧಿಯೆಂಬ ಪದಕ್ಕೆ ಎಲ್ಲೆಯನ್ನು ವಿಧಿಸದಿದ್ದುದೂ ಕಾರಣವೆಂದು ತೋರುತ್ತದೆ.

ಇದಕ್ಕೆ ಪ್ರತ್ಯುದಾಹರಣೆಯು ಮೈಸೂರಿನಲ್ಲಿದೆ. ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಸ್ಥಾಪಿಸಿದರು. ಅದಕ್ಕೆ ಸಂದ ಹೆಸರು 'ಆಕಾಶವಾಣಿ'. ಆ ಕೇಂದ್ರವು ಮುಂದೆ ಮೈಸೂರು ಸಂಸ್ಥಾನದ ಆಡಳಿತಕ್ಕೂ, 1950ರಲ್ಲಿ ಅಖಿಲ ಭಾರತ ಬಾನುಲಿಗೂ ಸೇರಿತು. 1955ರಲ್ಲಿ ಬೆಂಗಳೂರಿಗೆ ಹೋಯಿತು. ಒಡೆಯನೂ ಊರೂ ಬದಲಾದರೂ ಹೆಸರು ಅಳಿಯದೆ, ಅದೇ ದಶಕದಲ್ಲಿ ಇಡೀ ದೇಶದ ಬಾನುಲಿಗೆ ಸಂದಿತು. ಅಶರೀರವಾಣಿಯೆಂಬ ಪುರಾಣಾರ್ಥವುಳ್ಳ ಆ ಪದವು ಯಾವ ಒಂದು ವಸ್ತುವಿಗೂ ಕಟ್ಟುಬಿದ್ದುದಲ್ಲ. ಆದುದರಿಂದ ಸುದ್ದಿಯೂ ನಾಟಕವೂ ಗಾನವೂ ಅದರಲ್ಲಿ ಒಪ್ಪಿದುವು. ಆದರೆ ಗಾನಕ್ಕೇ ಮೀಸಲೆಂಬ ಪ್ರತಿಜ್ಞೆಯು ಅಂತಹ ಹೆಸರಿನಲ್ಲಿರದು.

ಆ ಪ್ರತಿಜ್ಞೆಯನ್ನು ಆಕಾಶವಾಣಿಯೇ ಬೆಂಗಳೂರಿನಲ್ಲಿ ಮಾಡಿತು. 2016ರ ಜನವರಿ 26ರಂದು ಹಿಂದುಸ್ತಾನಿ ಕರ್ಣಾಟಕಗಳೆರಡಕ್ಕೂ ಮೀಸಲಾಗಿ, ಇಪ್ಪತ್ತನಾಲ್ಕು ಗಂಟೆಯೂ ನಡೆಯುವ ವಾಹಿನಿಯು ಅಲ್ಲಿಂದ ಹೊರಟಿತು. ಅದರ ಹೆಸರು 'ರಾಗಂ'. ಉತ್ತರದವರಿಗೆ ಅದು ರಾಗ್. ಸಂಸ್ಕೃತದಲ್ಲಿ ಪುಲ್ಲಿಂಗವಾದುದರಿಂದ ರಾಗಃ. ಬಿಂದುವುಳ್ಳ ಈ ರೂಪವು ದ್ರಾವಿಡ ಭಾಷೆಗಳದು. ಹಳಗನ್ನಡದ ಪ್ರಥಮಾವಿಭಕ್ತಿಯೂ ಇದೇ.